ಕೊಂಡ ಟೂಲ್ ನಾಳೆಯೂ ತೆರೆಯಬೇಕು: ಡೆವಲಪ್‌ಮೆಂಟ್ ಪ್ಲಾಟ್‌ಫಾರ್ಮ್ ಕಂಪನಿಗಳಿಗೆ ಹಾಸನದಿಂದ ಒಂದು ಬಹಿರಂಗ ಪತ್ರ

ಗೆ,
ಸಾಫ್ಟ್‌ವೇರ್ ಬರೆಯುವ ಟೂಲ್‌ಗಳನ್ನು ತಯಾರಿಸಿ ಮಾರುವ ಕಂಪನಿಗಳ ಭಾರತದ ಕಚೇರಿಗಳಿಗೆ,
ಹಾಗೂ ಕರ್ನಾಟಕ ಸರ್ಕಾರದ ಮಾಹಿತಿ ತಂತ್ರಜ್ಞಾನ ಇಲಾಖೆಯ ಗಮನಕ್ಕೆ

ಮಾನ್ಯರೇ,

ಹಾಸನದ ಬಿ.ಎಂ. ರಸ್ತೆಯ ಪಕ್ಕದ ಓಣಿಯಲ್ಲಿ ನಮ್ಮದೊಂದು ಸಣ್ಣ ಆಫೀಸ್ ಇದೆ. ನಾನು, ನನ್ನ ಜೊತೆ ಇಬ್ಬರು ಹುಡುಗರು. ಅಂಗಡಿಗಳಿಗೆ ಬಿಲ್ಲಿಂಗ್ ಪ್ರೋಗ್ರಾಂ ಬರೆದುಕೊಡುತ್ತೇವೆ. ಕಾಫಿ ಕ್ಯೂರಿಂಗ್ ವರ್ಕ್ಸ್‌ಗೆ ತೂಕದ ಚೀಟಿಯ ಪ್ರೋಗ್ರಾಂ, ಸಹಕಾರ ಸಂಘಗಳಿಗೆ ಸದಸ್ಯರ ಸಾಲದ ಲೆಕ್ಕದ ಪ್ರೋಗ್ರಾಂ, ಹೀಗೆ. ಸಕಲೇಶಪುರ, ಆಲೂರು, ಬೇಲೂರು, ಅರಸೀಕೆರೆ, ಆ ಕಡೆ ಮೂಡಿಗೆರೆವರೆಗೂ ನಮ್ಮ ಗಿರಾಕಿಗಳಿದ್ದಾರೆ. ಅವರಲ್ಲಿ ಹೆಚ್ಚಿನವರು ನಿಮ್ಮ ಹೆಸರನ್ನೇ ಕೇಳಿಲ್ಲ. ಆದರೆ ನಿಮ್ಮ ಟೂಲ್‌ನಲ್ಲಿ ನಾವು ಬರೆದ ಪ್ರೋಗ್ರಾಂ ಬೆಳಿಗ್ಗೆ ತೆರೆಯದಿದ್ದರೆ ಅವರ ಅಂಗಡಿಯಲ್ಲಿ ಬಿಲ್ ಆಗುವುದಿಲ್ಲ.

ಕೇಳಬೇಕಾದದ್ದನ್ನು ಮೊದಲೇ ಕೇಳಿಬಿಡುತ್ತೇನೆ. ನಾವು ದುಡ್ಡು ಕೊಟ್ಟು ಕೊಂಡ ವರ್ಷನ್‌ಗೆ ನೀವು ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿ, ಬೇಡ ಅನ್ನುವುದಿಲ್ಲ. ಆದರೆ ಅದೇ ವರ್ಷನ್ ಅನ್ನು ಇನ್ನೊಂದು ಕಂಪ್ಯೂಟರಿಗೆ ಹಾಕಿಕೊಂಡು, ನಾವೇ ಬರೆದ ಪ್ರೋಗ್ರಾಂ ಅನ್ನು ಮತ್ತೆ ಬಿಲ್ಡ್ ಮಾಡಲು, ಅಂದರೆ ಬರೆದ ಕೋಡ್ ಅನ್ನು ಓಡುವ ಪ್ರೋಗ್ರಾಂ ಆಗಿ ಮಾಡಲು, ನಮ್ಮನ್ನು ತಡೆಯಬೇಡಿ. ಇಷ್ಟೇ. ಮುಂದೆ ಬರೆದಿರುವುದೆಲ್ಲ ಈ ಒಂದು ಮಾತಿಗೆ ಕಾರಣ.

2025ರ ಸೆಪ್ಟೆಂಬರ್ ನೆನಪಿಸಿಕೊಳ್ಳಿ. 3ನೇ ತಾರೀಖು ಜಿಎಸ್‌ಟಿ ಕೌನ್ಸಿಲ್ ದರ ಬದಲಾವಣೆಯನ್ನು ಪ್ರಕಟಿಸಿತು. 22ರಿಂದ, ಅಂದರೆ ನವರಾತ್ರಿಯ ಮೊದಲ ದಿನದಿಂದ ಜಾರಿ. 12 ಮತ್ತು 28 ಪರ್ಸೆಂಟ್ ಸ್ಲ್ಯಾಬ್‌ನಲ್ಲಿದ್ದ ಬಹುಪಾಲು ಮಾಲು 5ಕ್ಕೋ 18ಕ್ಕೋ ಬಂತು. ಬೆಣ್ಣೆ, ತುಪ್ಪ 12ರಿಂದ 5ಕ್ಕೆ ಇಳಿದವು. ಸೋಪು, ಟೂತ್‌ಪೇಸ್ಟ್ 18ರಿಂದ 5ಕ್ಕೆ. ಸಿಮೆಂಟ್ 28ರಿಂದ 18ಕ್ಕೆ. ಜನರಿಗೆ ಒಳ್ಳೆಯದೇ ಆಯಿತು. ಆದರೆ ಬಿಲ್ಲಿಂಗ್ ಪ್ರೋಗ್ರಾಂ ಬರೆಯುವ ನಮ್ಮಂಥವರಿಗೆ ಮೂರು ವಾರವೂ ಪೂರ್ತಿ ಸಿಗಲಿಲ್ಲ. ಫೋನ್ ಕೆಳಗಿಡಲು ಬಿಡುವಿರಲಿಲ್ಲ.

ದರ ಬದಲಿಸುವುದೇನೂ ದೊಡ್ಡ ಕೆಲಸ ಅಲ್ಲ. ಐಟಂ ಲಿಸ್ಟ್ ತೆರೆದು ಅಂಗಡಿಯವರೇ ಬದಲಿಸಿಕೊಳ್ಳಬಹುದು. ಕಷ್ಟ ಇದ್ದದ್ದು ವಾಪಸ್ ಬರುವ ಮಾಲಿನಲ್ಲಿ. ಸಕಲೇಶಪುರದಲ್ಲಿ ಪೈಪು, ಸ್ಪ್ರಿಂಕ್ಲರ್ ಮಾರುವ ಒಂದು ಅಂಗಡಿ ನಮ್ಮ ಗಿರಾಕಿ. ಹೂಮಳೆ, ಅಂದರೆ ಕಾಫಿ ಹೂವು ಅರಳಲು ಬೇಕಾದ ಬೇಸಿಗೆ ಮಳೆ, ಕೈಕೊಟ್ಟ ವರ್ಷ ತೋಟದವರು ಗಡಿಬಿಡಿಯಲ್ಲಿ ಬಂದು ಸ್ಪ್ರಿಂಕ್ಲರ್ ಸೆಟ್ ಒಯ್ಯುತ್ತಾರೆ. ಎಷ್ಟು ಬೇಕೋ ಗೊತ್ತಿರುವುದಿಲ್ಲ, ನಾಲ್ಕು ಜಾಸ್ತಿಯೇ ಇರಲಿ ಅಂತ ಒಯ್ಯುತ್ತಾರೆ. ಉಳಿದದ್ದನ್ನು ಲೆಕ್ಕ ಚುಕ್ತಾ ಮಾಡುವಾಗ ವಾಪಸ್ ತರುತ್ತಾರೆ. ಆ ಚುಕ್ತಾ ಆಗುವುದು ಫಸಲಿನ ಹೊತ್ತಿಗೆ. ಸ್ಪ್ರಿಂಕ್ಲರ್ ಮೇಲಿನ ತೆರಿಗೆ 22ರಿಂದ 12ರ ಬದಲು 5 ಆಯಿತು. ಅದೇ ಬಿಲ್ಲಿನಲ್ಲಿದ್ದ ಪಿವಿಸಿ ಪೈಪು ಮಾತ್ರ 18ರಲ್ಲೇ ಉಳಿಯಿತು. ಬೇಸಿಗೆಯಲ್ಲಿ 12ರ ದರದಲ್ಲಿ ಮಾರಿದ ನಾಜಲ್ ಅಕ್ಟೋಬರ್‌ನಲ್ಲಿ ವಾಪಸ್ ಬಂದರೆ ಅದರ ದುಡ್ಡು ಕಳೆಯಲು ಕೊಡುವ ಕ್ರೆಡಿಟ್ ನೋಟ್ ಹಳೇ ದರದಲ್ಲೇ ಆಗಬೇಕು. ಇವತ್ತಿನ 5ರ ದರದಲ್ಲಿ ಮಾಡಿದರೆ ಅಂಗಡಿಯವರ ಲೆಕ್ಕವೂ ತಪ್ಪು, ಗಿರಾಕಿಗೂ ನಷ್ಟ. ಹಾಗಾಗಿ ಪ್ರೋಗ್ರಾಂ ಮೂಲ ಬಿಲ್ಲಿನ ತಾರೀಖು ನೋಡಿ ದರ ಹಾಕಬೇಕು. ಕೋಡ್‌ನಲ್ಲಿ ಕೆಲವೇ ಸಾಲಿನ ಬದಲಾವಣೆ. ಒಂದು ಮಧ್ಯಾಹ್ನ ಕೂತರೆ ಮುಗಿಯುತ್ತದೆ.

ಆದರೆ ಆ ಪ್ರೋಗ್ರಾಂ ಬಿಲ್ಡ್ ಮಾಡುತ್ತಿದ್ದ ಕಂಪ್ಯೂಟರ್‌ನ ಮದರ್‌ಬೋರ್ಡ್ ಆ ಮಳೆಗಾಲದಲ್ಲಿ ಸಿಡಿಲಿಗೆ ಹೋಗಿತ್ತು. ಸೋರ್ಸ್ ಕೋಡ್, ಅಂದರೆ ನಾವು ಬರೆದ ಮೂಲ ಕೋಡ್, ಭದ್ರವಾಗಿತ್ತು. ಟೂಲ್‌ನ ಸಿಡಿ ಇತ್ತು, ಸೀರಿಯಲ್ ನಂಬರ್ ಇತ್ತು, ಕೊಂಡ ಬಿಲ್ ಕೂಡ ಫೈಲ್‌ನಲ್ಲಿತ್ತು. ಪರ್ಪೆಚುಯಲ್ ಲೈಸೆನ್ಸ್, ಅಂದರೆ ಶಾಶ್ವತ ಲೈಸೆನ್ಸ್ ಅಂತಲೇ ಆ ಬಿಲ್ಲಿನಲ್ಲಿ ಬರೆದಿದೆ. ಹೊಸ ಕಂಪ್ಯೂಟರಿಗೆ ಟೂಲ್ ಹಾಕಿದೆವು. ಸೀರಿಯಲ್ ನಂಬರ್ ಕೊಟ್ಟೆವು. ಅದನ್ನು ಕಂಪನಿಯ ಸರ್ವರ್ ನೋಡಿ ಒಪ್ಪಿದರೆ ಮಾತ್ರ ಟೂಲ್ ತೆರೆಯುತ್ತದೆ, ಅದಕ್ಕೇ ಆಕ್ಟಿವೇಶನ್ ಅನ್ನುವುದು. ಈ ವರ್ಷನ್‌ಗೆ ಆಕ್ಟಿವೇಶನ್ ಸೇವೆ ನಿಲ್ಲಿಸಲಾಗಿದೆ, ಹೊಸ ವರ್ಷನ್ ಕೊಳ್ಳಲು ಇಲ್ಲಿ ಒತ್ತಿ ಅಂತ ಬಂತು.

ಯಾವ ಕಂಪನಿಯ ಟೂಲ್ ಎಂದು ನಾನು ಬರೆಯುವುದಿಲ್ಲ. ಒಬ್ಬರ ಮೇಲೆ ದೂರು ಹೇಳಲು ಈ ಪತ್ರ ಅಲ್ಲ. ಇಂಥ ಪದ್ಧತಿ ಒಂದೇ ಕಡೆ ಇಲ್ಲ ಅನ್ನುವುದು ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತು.

ಸಪೋರ್ಟ್‌ಗೆ ಬರೆದೆವು. ಟಿಕೆಟ್ ಹಾಕಬೇಕಾದರೆ ಸಬ್‌ಸ್ಕ್ರಿಪ್ಷನ್ ಚಾಲ್ತಿಯಲ್ಲಿರಬೇಕಂತೆ. ಚಾಟ್‌ನಲ್ಲಿ ಉತ್ತರ ಕೊಡುವುದು ಯಂತ್ರ. ನಾವು ಏನೇ ಕೇಳಿದರೂ ಅದು ಇನ್‌ಸ್ಟಾಲ್ ಮಾಡುವ ವಿಧಾನದ ಪುಟವನ್ನೇ ಕಳಿಸುತ್ತಿತ್ತು. ಕೊನೆಗೆ ಮಾರಾಟದ ನಂಬರಿಗೆ ಫೋನ್ ಮಾಡಿ, ಅಲ್ಲಿಂದ ದಾಟಿಸಿಕೊಂಡು, ಒಬ್ಬ ಸಪೋರ್ಟ್ ಎಂಜಿನಿಯರ್ ಸಿಕ್ಕರು. ಕನ್ನಡದವರೇ. ನಾನು ಹೇಳಿದ್ದೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡರು. ನಮ್ಮ ಸೀರಿಯಲ್ ನಂಬರ್ ನೋಡಿ ಅಸಲಿ ಅಂತಲೂ ಹೇಳಿದರು. ಆಮೇಲೆ ಅಂದರು: "ಸಾರ್, ನೀವು ಹೇಳೋದು ನ್ಯಾಯವಾಗಿದೆ. ಆದ್ರೆ ಇದನ್ನ ಓಪನ್ ಮಾಡಿಕೊಡೋ ಆಪ್ಷನ್ನೇ ನನ್ನ ಸ್ಕ್ರೀನ್‌ನಲ್ಲಿಲ್ಲ. ನಮ್ಮ ಮ್ಯಾನೇಜರ್ ಹತ್ರಾನೂ ಇಲ್ಲ."

ಅವರ ಮೇಲೆ ನನಗೆ ಒಂದಿಷ್ಟೂ ಸಿಟ್ಟಿಲ್ಲ. ಗಿರಾಕಿಯ ಕಷ್ಟ ಅರ್ಥವಾಗುವ ಮನುಷ್ಯನನ್ನು ನೀವು ಕೆಲಸಕ್ಕೆ ಇಟ್ಟುಕೊಂಡಿದ್ದೀರಿ, ಸಂಬಳ ಕೊಡುತ್ತೀರಿ. ಆದರೆ ಆ ಕಷ್ಟ ಪರಿಹರಿಸುವ ಅಧಿಕಾರ ಮಾತ್ರ ಅವರಿಗೆ ಕೊಟ್ಟಿಲ್ಲ. ಸಪೋರ್ಟ್ ಚೆನ್ನಾಗಿಲ್ಲ ಅಂತ ಜನ ಬೈಯುವಾಗ ಬೈಗುಳ ತಿನ್ನುವವರು ಫೋನ್ ಎತ್ತುವ ಆ ಹುಡುಗ ಹುಡುಗಿಯರು. ತಪ್ಪು ಇರುವುದು ಅವರ ಸ್ಕ್ರೀನ್‌ನಲ್ಲಿ ಏನಿರಬೇಕು ಅಂತ ತೀರ್ಮಾನಿಸಿದವರ ಹತ್ತಿರ. ಹಳೇ ವರ್ಷನ್‌ಗೆ, ಬಿಲ್ ನೋಡಿ, ಇಂಟರ್ನೆಟ್ ಬೇಡದ ಒಂದು ಆಕ್ಟಿವೇಶನ್ ಕೋಡ್ ಕೊಡುವ ಬಟನ್ ಅವರಿಗೆ ಕೊಡಿ. ನಿಮ್ಮ ಸಪೋರ್ಟ್‌ನ ಅರ್ಧ ತಲೆನೋವು ಅಲ್ಲಿಗೇ ಮುಗಿಯುತ್ತದೆ.

ನಮ್ಮ ಕೆಲಸ ನಡೆದದ್ದು ಅರಸೀಕೆರೆಯ ಒಬ್ಬ ಗೆಳೆಯರಿಂದ. ಅವರ ಹತ್ತಿರ ಅದೇ ವರ್ಷನ್, ಅವರೇ ಲೈಸೆನ್ಸ್ ಕೊಂಡದ್ದು, ಹಳೇ ಕಂಪ್ಯೂಟರಿನಲ್ಲಿ ಹಾಗೆಯೇ ಇತ್ತು. ಪೆನ್ ಡ್ರೈವ್‌ನಲ್ಲಿ ಕೋಡ್ ಒಯ್ದು ಅಲ್ಲಿ ಕೂತು ಬಿಲ್ಡ್ ಮಾಡಿಕೊಂಡು ಬಂದೆವು. ಆ ಕಂಪ್ಯೂಟರ್ ಇರುವವರೆಗೆ ಸರಿ. ಅದೂ ಕೆಟ್ಟರೆ? ಈ ಜಿಲ್ಲೆಯ ಎಷ್ಟೋ ಅಂಗಡಿಗಳ ಲೆಕ್ಕ ಈಗ ಒಂದು ಹಳೇ ಹಾರ್ಡ್ ಡಿಸ್ಕ್ ಮೇಲೆ ನಿಂತಿದೆ.

ಅಪ್‌ಡೇಟ್ ಬೇಡ ಅನ್ನುವವನು ನಾನಲ್ಲ. ಹಳೇದನ್ನೇ ಹಿಡಿದು ಕೂತರೆ ಏನಾಗುತ್ತದೆ ಅಂತ 2021ರ ಡಿಸೆಂಬರ್‌ನಲ್ಲಿ ಲಾಗ್4ಜೆ ದೋಷ ಹೊರಬಿದ್ದಾಗ ಎಲ್ಲರೂ ನೋಡಿದ್ದೇವೆ. ಜಗತ್ತಿನ ಎಷ್ಟೋ ಜಾವಾ ಭಾಷೆಯ ಪ್ರೋಗ್ರಾಂಗಳ ಒಳಗೆ ಕೂತಿದ್ದ ಒಂದು ಸಣ್ಣ ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್ ಅದು. ಅದರ ಮೂಲಕ ದೂರದಿಂದಲೇ ಕಂಪ್ಯೂಟರ್ ಒಳಗೆ ನುಗ್ಗಬಹುದಿತ್ತು. ಅದನ್ನು ಅಪ್‌ಡೇಟ್ ಮಾಡದೆ ಬೇರೆ ದಾರಿ ಇರಲಿಲ್ಲ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿಯಿತು. ನಮ್ಮ ಗಿರಾಕಿಗಳಿಗೆ ನಾನೇ ಫೋನ್ ಮಾಡಿ, ಇಂಟರ್ನೆಟ್‌ಗೆ ಹಾಕುವ ಕಂಪ್ಯೂಟರ್ ಆದರೆ ಬದಲಿಸಿ, ಸುಮ್ನೆ ಅಪಾಯ ಮೈಮೇಲೆ ಎಳೆದುಕೊಳ್ಳಬೇಡಿ ಅಂತ ಹೇಳಿದ್ದೇನೆ.

ತಾರೀಖು ಮೊದಲೇ ಹೇಳಿದರೆ ನಾವು ತಯಾರಾಗುತ್ತೇವೆ. ಪ್ರೋಗ್ರಾಂ ಬರೆಯಲು ಬಳಸುವ ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ಪ್ಲಾಟ್‌ಫಾರ್ಮ್ ಈ ವಿಷಯದಲ್ಲಿ ಒಳ್ಳೆಯ ಪದ್ಧತಿ ಇಟ್ಟುಕೊಂಡಿದೆ. ಪ್ರತಿ ನವೆಂಬರ್‌ಗೆ ಒಂದು ಹೊಸ ವರ್ಷನ್. ದೀರ್ಘ ಬೆಂಬಲದ ವರ್ಷನ್ ಆದರೆ ಮೂರು ವರ್ಷ. ಡಾಟ್‌ನೆಟ್ 8 ಮುಗಿಯುವುದು 2026ರ ನವೆಂಬರ್ 10ಕ್ಕೆ. 2025ರ ನವೆಂಬರ್‌ನಲ್ಲಿ ಬಂದ ಡಾಟ್‌ನೆಟ್ 10 ನಡೆಯುವುದು 2028ರ ನವೆಂಬರ್‌ವರೆಗೆ. ಗೋಡೆಗೆ ಅಂಟಿಸಿಕೊಂಡು ಕೆಲಸ ಮಾಡಬಹುದಾದ ಲೆಕ್ಕ ಇದು. ಇದಕ್ಕೆ ವಿರುದ್ಧ, ಸೆಂಟ್‌ಓಎಸ್ 8 ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಂನ ಕಥೆ. 2029ರವರೆಗೆ ಬೆಂಬಲ ಇರುತ್ತದೆ ಅಂತ ನಂಬಿ ಜನ ಸರ್ವರ್‌ಗಳಿಗೆ ಹಾಕಿಕೊಂಡಿದ್ದರು. 2020ರ ಡಿಸೆಂಬರ್‌ನಲ್ಲಿ ಬಂದ ಪ್ರಕಟಣೆ ಅದನ್ನು 2021ರ ಕೊನೆಗೇ ಮುಗಿಸಿತು. ಒಂದೇ ವರ್ಷದ ನೋಟಿಸ್.

ಬೆಂಬಲ ನಿಲ್ಲಿಸುವುದು ಒಂದು. ಬೀಗ ಹಾಕುವುದು ಇನ್ನೊಂದು. ಈ ವ್ಯತ್ಯಾಸವನ್ನು ದಯವಿಟ್ಟು ಗಮನಿಸಿ. ಮೈಕ್ರೋಸಾಫ್ಟ್‌ನ ಹಳೇ ಟೂಲ್ ವಿಶುವಲ್ ಬೇಸಿಕ್ 6 ಬಂದದ್ದು 1998ರಲ್ಲಿ. ಅದರ ಬೆಂಬಲ 2008ರ ಏಪ್ರಿಲ್‌ನಲ್ಲಿ ಮುಗಿಯಿತು. ಆದರೆ ಅದರಲ್ಲಿ ಬರೆದ ಪ್ರೋಗ್ರಾಂಗಳು ಓಡಲು ಬೇಕಾದ ರನ್‌ಟೈಮ್ ವಿಂಡೋಸ್ 11ರಲ್ಲೂ ಇದೆ. ಲೆಕ್ಕದ ಪ್ರೋಗ್ರಾಂ ಬರೆಯುತ್ತಿದ್ದ ಇನ್ನೊಂದು ಟೂಲ್ ವಿಶುವಲ್ ಫಾಕ್ಸ್‌ಪ್ರೊಗೆ ಇನ್ನು ಹೊಸ ವರ್ಷನ್ ಬರುವುದಿಲ್ಲ ಅಂತ ಮೈಕ್ರೋಸಾಫ್ಟ್ 2007ರಲ್ಲೇ ಹೇಳಿತು. ಬೆಂಬಲವನ್ನು 2015ರ ಜನವರಿವರೆಗೆ ಮುಂದುವರಿಸಿತು. ಹತ್ತಿರ ಹತ್ತಿರ ಎಂಟು ವರ್ಷದ ಸಮಯ! ಆ ದಿನ ಕಳೆದ ಮೇಲೂ ಸಿಡಿ, ಕೀ ಇದ್ದವರಿಗೆ ಟೂಲ್ ತೆರೆಯುತ್ತದೆ. ಯಾವ ಸರ್ವರ್‌ನ ಅನುಮತಿಯೂ ಬೇಡ. ಹಾಸನದಲ್ಲಿ ಫಾಕ್ಸ್‌ಪ್ರೊದಲ್ಲಿ ಬರೆದ ಲೆಕ್ಕದ ಪ್ರೋಗ್ರಾಂಗಳು ಇನ್ನೂ ಓಡುತ್ತಿರುವುದನ್ನು ನಾನು ಕಂಡಿದ್ದೇನೆ.

ಸಕಲೇಶಪುರದ ಹಳೇ ತೋಟಗಳಿಗೆ ಹೋದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಅಜ್ಜನ ಕಾಲದ ಪಲ್ಪರ್ ಯಂತ್ರ ಕಾಣುತ್ತದೆ. ತಯಾರಿಸಿದ ಕಂಪನಿ ಇದೆಯೋ ಇಲ್ಲವೋ, ಸೀಸನ್ ಬಂದರೆ ಎಣ್ಣೆ ಹಾಕಿ ತಿರುಗಿಸುತ್ತಾರೆ. ಹೊಸದು ಕೊಳ್ಳುವುದು ಯಾವಾಗ ಅಂತ ತೀರ್ಮಾನ ಮಾಡುವವರು ತೋಟದವರು. ನಾವು ಕೇಳುತ್ತಿರುವುದೂ ಅದನ್ನೇ. ಯಾವಾಗ ಬದಲಿಸಬೇಕು ಅನ್ನುವ ತೀರ್ಮಾನ ದುಡ್ಡು ಕೊಟ್ಟವರ ಕೈಯಲ್ಲಿರಲಿ.

ಹೊಸ ವರ್ಷನ್ ಕೊಂಡರೆ ಆಯಿತಲ್ಲ, ಇಷ್ಟು ರಗಳೆ ಯಾಕೆ ಅಂತ ನಿಮ್ಮ ಮಾರಾಟದವರು ಕೇಳುತ್ತಾರೆ. ಅವರಿಗೆ ಗೊತ್ತಾಗಲಿ ಅಂತ ಇದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಖರ್ಚು ಲೈಸೆನ್ಸ್‌ನದಷ್ಟೇ ಅಲ್ಲ. ಒಂದು ಸಹಕಾರ ಸಂಘದ ಪ್ರೋಗ್ರಾಂ ತೆಗೆದುಕೊಳ್ಳಿ. ಅದರಲ್ಲಿ ಸದಸ್ಯರ ಹೆಸರು, ತಂದೆಯ ಹೆಸರು, ಊರು, ಸರ್ವೆ ನಂಬರ್ ಎಲ್ಲ ಕನ್ನಡದಲ್ಲಿವೆ. ಯಾವ ಕನ್ನಡ? ಈಗ ಎಲ್ಲ ಕಡೆ ನಡೆಯುವ ಯೂನಿಕೋಡ್ ಅಲ್ಲ. ನುಡಿ ಫಾಂಟ್‌ನ ಹಳೇ ಎನ್‌ಕೋಡಿಂಗ್, ಅಂದರೆ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಕೂಡಿಡುವ ಹಳೇ ರೀತಿ. ಆ ಕಾಲದಲ್ಲಿ ಇಲ್ಲಿ ಎಲ್ಲರೂ ಬರೆಯುತ್ತಿದ್ದದ್ದೇ ಹಾಗೆ. ಕಡತದಲ್ಲಿ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಗೋಜಲು. ಮೇಲೆ ನುಡಿ ಫಾಂಟ್ ಹಾಕಿದಾಗ ಮಾತ್ರ ಕನ್ನಡವಾಗಿ ಕಾಣುತ್ತದೆ. ಹೊಸ ವರ್ಷನ್‌ನ ರಿಪೋರ್ಟ್ ಟೂಲ್ ಎಲ್ಲವನ್ನೂ ಯೂನಿಕೋಡ್ ಅಂತಲೇ ತಿಳಿಯುತ್ತದೆ. ಅದರಲ್ಲಿ ಪ್ರಿಂಟ್ ಕೊಟ್ಟರೆ ಸದಸ್ಯರ ಹೆಸರಿನ ಜಾಗದಲ್ಲಿ ಬರುವುದು ಯಾರಿಗೂ ಓದಲಾಗದ ಗೀಚು.

ಸರಿ, ಕನ್ವರ್ಟ್ ಮಾಡೋಣ. ಕನ್ವರ್ಟರ್‌ಗಳಿವೆ, ಒಳ್ಳೆಯವೇ ಇವೆ. ಆದರೆ ಅರ್ಕಾವತ್ತು, ಒತ್ತಕ್ಷರ ಎರಡೂ ಸೇರಿ ಬರುವ ಹೆಸರಲ್ಲಿ, ಒಬ್ಬೊಬ್ಬರು ಒಂದೊಂದು ರೀತಿ ಟೈಪ್ ಮಾಡಿದ ಕಡೆ ಎಡವಟ್ಟಾಗುತ್ತದೆ. ಅದೇ ಕಾಲಂನಲ್ಲಿ ಕೆಲವು ಹೆಸರು ಇಂಗ್ಲಿಷಿನಲ್ಲಿ ಇದ್ದರೆ ಕನ್ವರ್ಟರ್ ಅವನ್ನೂ ಕನ್ನಡ ಅಂದುಕೊಂಡು ಕೆಡಿಸುತ್ತದೆ. ಬೇರೆ ಕಡೆ ಒಂದು ಅಕ್ಷರ ತಪ್ಪಿದರೆ ನಗಬಹುದು. ಸಾಲದ ಪುಸ್ತಕದಲ್ಲಿ ರೈತನ ಹೆಸರು ತಪ್ಪಿದರೆ, ಪಹಣಿಯ ಹೆಸರಿಗೂ ಇದಕ್ಕೂ ತಾಳೆ ಆಗದಿದ್ದರೆ, ಆ ಮನುಷ್ಯ ಬೆಳೆಸಾಲಕ್ಕೆ ಅಲೆಯಬೇಕಾಗುತ್ತದೆ. ಅದಕ್ಕೇ ಸಂಘದ ಕಾರ್ಯದರ್ಶಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಹೆಸರು ಓದಿ ನೋಡಬೇಕು. ಇದು ಮಾಡಲೇಬೇಕಾದ ಕೆಲಸ, ಮಾಡುತ್ತಲೂ ಇದ್ದೇವೆ. ಮಾರ್ಚ್ ಲೆಕ್ಕ ಮುಗಿದ ಮೇಲೆ, ಆಡಿಟ್ ಇಲ್ಲದ ಹೊತ್ತು ನೋಡಿ ಮಾಡಬೇಕು. ನಿಮ್ಮ ಆಕ್ಟಿವೇಶನ್ ಸರ್ವರ್ ಆಫ್ ಆದ ದಿನವೇ ಮಾಡು ಅಂದರೆ ಹೇಗೆ ಆಗುತ್ತದೆ ಹೇಳಿ.

ಮಲೆನಾಡಿನ ಇನ್ನೊಂದು ಸಂಗತಿ. ಮಳೆಗಾಲದಲ್ಲಿ ಹೆತ್ತೂರು, ಹಾನುಬಾಳು ಕಡೆ ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಟವರ್ ಕೂಡ ಹೋಗುತ್ತದೆ. ಕೆಲವು ಕಂಪನಿಗಳ ರಿಪೋರ್ಟ್ ಟೂಲ್ ಆಗಾಗ ಇಂಟರ್ನೆಟ್‌ಗೆ ಹೋಗಿ ಲೈಸೆನ್ಸ್ ಕೇಳಿಕೊಂಡು ಬರುತ್ತದೆ. ಸಿಗದಿದ್ದರೆ ಪ್ರಿಂಟ್ ನಿಲ್ಲಿಸುತ್ತದೆ. ಯುಪಿಎಸ್ ಮೇಲೆ ಕಂಪ್ಯೂಟರ್ ನಡೆಯುತ್ತಿದೆ, ಪ್ರಿಂಟರ್ ನಡೆಯುತ್ತಿದೆ, ಎದುರಿಗೆ ಗಿರಾಕಿ ನಿಂತಿದ್ದಾರೆ, ಬಿಲ್ ಮಾತ್ರ ಬರುವುದಿಲ್ಲ. ಇಂಥ ಕಡೆಗೆ ಆಫ್‌ಲೈನ್ ಲೈಸೆನ್ಸ್ ಬೇಕೇ ಬೇಕು. ಸಹಾಯದ ಪುಟಗಳೂ ಅಷ್ಟೇ. ವಿಶುವಲ್ ಬೇಸಿಕ್ 6ರ ಕಾಲದಲ್ಲಿ ಮೈಕ್ರೋಸಾಫ್ಟ್‌ನ ಎಂಎಸ್‌ಡಿಎನ್ ಸಹಾಯ ಪುಟಗಳೆಲ್ಲ ಸಿಡಿಯಲ್ಲೇ ಬರುತ್ತಿದ್ದವು. ಈಗ ಹಳೇ ವರ್ಷನ್‌ನ ಪುಟಗಳನ್ನು ನೀವು ತೆಗೆದರೆ ನಮಗೆ ನೋಡಲು ಬೇರೆ ಜಾಗವೇ ಇಲ್ಲ. ತೆಗೆಯುವ ಮುಂಚೆ ಡೌನ್‌ಲೋಡ್ ಮಾಡಿಕೊಳ್ಳಲು ಒಂದು ಫೈಲ್ ಇಡಿ.

ಈಗ ಲೈಸೆನ್ಸ್‌ನ ಷರತ್ತುಗಳ ವಿಷಯ. ಜಾವಾದ ಒಡೆತನ ಇರುವ ಒರಾಕಲ್ ಕಂಪನಿ 2019ರಲ್ಲಿ ಜಾವಾ 8ರ ಹೊಸ ಅಪ್‌ಡೇಟ್‌ಗಳನ್ನು ವ್ಯಾಪಾರಕ್ಕೆ ಬಳಸಲು ದುಡ್ಡು ಕೇಳಲು ಶುರು ಮಾಡಿತು. 2023ರ ಜನವರಿಯಲ್ಲಿ ಚಂದಾ ಲೆಕ್ಕವನ್ನೇ ಬದಲಿಸಿತು. ಜಾವಾ ಎಷ್ಟು ಜನ ಬಳಸುತ್ತಾರೆ, ಎಷ್ಟು ಪ್ರೊಸೆಸರ್‌ನಲ್ಲಿದೆ ಅನ್ನುವುದರ ಬದಲು ಸಂಸ್ಥೆಯಲ್ಲಿ ಎಷ್ಟು ಜನ ಕೆಲಸಗಾರರಿದ್ದಾರೆ ಅನ್ನುವುದು ಮುಖ್ಯವಾಯಿತು. ಅರೆಕಾಲಿಕದವರು, ತಾತ್ಕಾಲಿಕದವರೂ ಆ ಲೆಕ್ಕಕ್ಕೆ ಸೇರುತ್ತಾರೆ. ನೂರು ಜನರಿರುವ ಸಂಸ್ಥೆಯಲ್ಲಿ ಅಕೌಂಟ್ಸ್‌ನವರ ಎರಡೇ ಕಂಪ್ಯೂಟರ್‌ನಲ್ಲಿ ಜಾವಾ ಇದ್ದರೂ ನೂರು ಜನರ ಲೆಕ್ಕ. ಆದರೂ ಜಾವಾ ಬಳಸುವವರು ಬಚಾವಾದರು. ಯಾಕೆಂದರೆ ಜಾವಾದ ಮೂಲ ಕೋಡ್ ಓಪನ್‌ಜೆಡಿಕೆ ಹೆಸರಿನಲ್ಲಿ ಎಲ್ಲರಿಗೂ ಮುಕ್ತವಾಗಿತ್ತು. ಟೆಮುರಿನ್‌ನಂಥ ಉಚಿತ ಬಿಲ್ಡ್ ಹಾಕಿಕೊಂಡು ಅದೇ ಪ್ರೋಗ್ರಾಂ ನಡೆಸಬಹುದು. ನಾವೂ ಒಂದು ಕಡೆ ಹಾಗೇ ಮಾಡಿದ್ದೇವೆ. ಮುಕ್ತವಲ್ಲದ ಪ್ಲಾಟ್‌ಫಾರ್ಮ್‌ನಲ್ಲಿ ಸಿಕ್ಕಿಕೊಂಡವರಿಗೆ ಆ ಬಾಗಿಲು ಇರುವುದಿಲ್ಲ.

ಕಂಪ್ಯೂಟರ್, ಮೊಬೈಲ್ ಆಟಗಳನ್ನು ತಯಾರಿಸುವ ಟೂಲ್ ಕೊಡುವ ಯೂನಿಟಿ ಕಂಪನಿ 2023ರ ಸೆಪ್ಟೆಂಬರ್‌ನಲ್ಲಿ ಮಾಡಿದ ಪ್ರಕಟಣೆ ಇನ್ನೂ ಜಾಸ್ತಿ ಗಾಬರಿ ಹುಟ್ಟಿಸಿತು. ಒಂದು ಮಿತಿ ದಾಟಿದ ಆಟವನ್ನು ಪ್ರತಿ ಸಲ ಯಾರಾದರೂ ಇನ್‌ಸ್ಟಾಲ್ ಮಾಡಿದಾಗ ಶುಲ್ಕ ಕೊಡಬೇಕು, ಆಗಲೇ ಮಾರಾಟದಲ್ಲಿದ್ದ ಆಟಗಳಿಗೂ ಅನ್ವಯ ಅಂದರು. ಜಗತ್ತಿನ ಡೆವಲಪರ್‌ಗಳು ಒಟ್ಟಾಗಿ ವಿರೋಧಿಸಿದರು. ಅದೇ ತಿಂಗಳು ಕಂಪನಿ ಷರತ್ತು ಸಡಿಲಿಸಿತು. 2024ರ ಸೆಪ್ಟೆಂಬರ್‌ನಲ್ಲಿ ಆ ಶುಲ್ಕವನ್ನೇ ಕೈಬಿಟ್ಟಿತು. ಜನ ಕೇಳಿದರೆ ಕಂಪನಿಗಳು ಬದಲಾಗುತ್ತವೆ ಅನ್ನುವ ಧೈರ್ಯದಿಂದಲೇ ಈ ಪತ್ರ ಬರೆಯುತ್ತಿದ್ದೇನೆ.

ಇದಕ್ಕಿಂತ ಒಳ್ಳೆಯ ಉದಾಹರಣೆ, ಪ್ರೋಗ್ರಾಂ ಬರೆಯುವ ಟೂಲ್ ಮಾರುವ ಜೆಟ್‌ಬ್ರೈನ್ಸ್ ಕಂಪನಿ. 2015ರಲ್ಲಿ ಅವರು ಇನ್ನು ಮುಂದೆ ಸಬ್‌ಸ್ಕ್ರಿಪ್ಷನ್ ಮಾತ್ರ ಅಂದಾಗ, ಚಂದಾ ನಿಲ್ಲಿಸಿದ ದಿನ ನಮ್ಮ ಟೂಲ್ ಮುಚ್ಚಿಹೋಗುತ್ತದಾ ಅಂತ ಬಳಕೆದಾರರು ಜಗಳಕ್ಕೇ ನಿಂತರು. ಕಂಪನಿ ಕೇಳಿಸಿಕೊಂಡಿತು. ಒಂದು ವರ್ಷದ ಚಂದಾ ಕಟ್ಟಿದವರಿಗೆ ಒಂದು ವರ್ಷನ್ ಶಾಶ್ವತವಾಗಿ ಉಳಿಯುವ ಹಾಗೆ ಪರ್ಪೆಚುಯಲ್ ಫಾಲ್‌ಬ್ಯಾಕ್ ಲೈಸೆನ್ಸ್ ಕೊಟ್ಟಿತು. ಚಂದಾ ನಿಲ್ಲಿಸಿದರೆ ಹೊಸದು ಸಿಗುವುದಿಲ್ಲ, ಹಳೇದು ಹೋಗುವುದಿಲ್ಲ. ಇದನ್ನು ಮಾಡಿಯೂ ಆ ಕಂಪನಿ ವ್ಯಾಪಾರ ಮಾಡುತ್ತಲೇ ಇದೆ. ಹಾಗಾಗಿ ಇದು ಆಗದ ಮಾತು ಅಂತ ನೀವು ಹೇಳುವ ಹಾಗಿಲ್ಲ.

ಲೈಸೆನ್ಸ್ ಬಗ್ಗೆ ಪ್ರಶ್ನೆ ಕೇಳಿದರೆ ಸಿಗುವ ಉತ್ತರದ ಬಗ್ಗೆಯೂ ಹೇಳಲೇಬೇಕು. ನಮ್ಮ ಪ್ರಶ್ನೆ ಸರಳವಾದದ್ದು. ಸಬ್‌ಸ್ಕ್ರಿಪ್ಷನ್ ಇದ್ದಾಗ ಬಿಲ್ಡ್ ಮಾಡಿದ ಪ್ರೋಗ್ರಾಂ ಅನ್ನು, ಸಬ್‌ಸ್ಕ್ರಿಪ್ಷನ್ ಮುಗಿದ ಮೇಲೆ ಗಿರಾಕಿಯ ಹೊಸ ಕಂಪ್ಯೂಟರಿಗೆ ಹಾಕಿಕೊಡಬಹುದೇ? ಮಾರಾಟದವರು ಧಾರಾಳವಾಗಿ ಹಾಕಿ ಅಂದರು. ಸಪೋರ್ಟ್‌ನವರು ಒಪ್ಪಂದ ಓದಿಕೊಳ್ಳಿ ಅಂದರು. ಡೀಲರ್ ಬೇಡ ಸಾರ್, ಯಾಕೆ ರಿಸ್ಕು ಅಂದರು. ಒಪ್ಪಂದ ಓದಿದರೆ ಪುಟಗಟ್ಟಲೆ ಇಂಗ್ಲಿಷ್. ವಕೀಲರೇ ತಲೆ ಕೆರೆದುಕೊಳ್ಳುವಂಥದ್ದು. ಹಾಗೆ ನೋಡಿದರೆ ಮೈಕ್ರೋಸಾಫ್ಟ್‌ನ ಉಚಿತ ಟೂಲ್ ವಿಶುವಲ್ ಸ್ಟುಡಿಯೋ ಕಮ್ಯುನಿಟಿಯ ಷರತ್ತು ಸ್ಪಷ್ಟವಾಗಿದೆ. ಒಬ್ಬರೇ ಕೆಲಸ ಮಾಡುವವರಿಗೆ ಉಚಿತ. ಸಣ್ಣ ಸಂಸ್ಥೆಯಲ್ಲಿ ಐದು ಜನರವರೆಗೆ ಬಳಸಬಹುದು. 250ಕ್ಕಿಂತ ಹೆಚ್ಚು ಕಂಪ್ಯೂಟರ್ ಅಥವಾ ವರ್ಷಕ್ಕೆ 10 ಲಕ್ಷ ಡಾಲರ್‌ಗಿಂತ ಹೆಚ್ಚು ಆದಾಯ ಇರುವವರು ದೊಡ್ಡ ಸಂಸ್ಥೆ. ಇಷ್ಟು ನೇರವಾಗಿ ಬರೆದರೆ ಯಾರಿಗೆ ಅರ್ಥವಾಗುವುದಿಲ್ಲ? ಲೈಸೆನ್ಸ್ ಪ್ರಶ್ನೆಗೆ ನೀವು ಕೊಡುವ ಉತ್ತರ ಬರಹದಲ್ಲಿರಲಿ. ಅದಕ್ಕೊಂದು ನಂಬರ್ ಇರಲಿ. ನಾಳೆ ಲೈಸೆನ್ಸ್ ಪರಿಶೀಲಿಸಲು ನಿಮ್ಮ ಆಡಿಟ್‌ನವರು ಬಂದಾಗ ಅದನ್ನು ತೋರಿಸಿದರೆ ಒಪ್ಪಬೇಕು.

ಕಾನೂನು ನಮ್ಮ ಕಡೆಗೂ ಸ್ವಲ್ಪ ಇದೆ. ನಮ್ಮ ಊರಿನ ಡೆವಲಪರ್‌ಗಳೂ ಇದನ್ನು ತಿಳಿದಿರಲಿ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಾನೂನುಬದ್ಧವಾಗಿ ಪಡೆದ ಕಂಪ್ಯೂಟರ್ ಪ್ರೋಗ್ರಾಂ ನಾಶವಾಗದಂತೆ ಬ್ಯಾಕಪ್ ಪ್ರತಿ ಇಟ್ಟುಕೊಳ್ಳಬಹುದು. ಬ್ಯಾಕಪ್ ಇಟ್ಟುಕೊಳ್ಳುವ ಹಕ್ಕು ಇದ್ದು, ಅದನ್ನು ತೆರೆಯುವ ಕೀ ಇಲ್ಲದಿದ್ದರೆ ಆ ಹಕ್ಕಿನಿಂದ ಏನು ಬಂತು? ಪ್ಯಾಕ್ ಮಾಡಿ ಮಾರುವ ಸಾಫ್ಟ್‌ವೇರ್ ಕೂಡ ಸರಕೇ ಅಂತ ಸುಪ್ರೀಂ ಕೋರ್ಟ್ 2004ರಲ್ಲಿ, ಮಾರಾಟ ತೆರಿಗೆಯ ಪ್ರಕರಣದಲ್ಲಿ ಹೇಳಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ವ್ಯಾಪಾರಕ್ಕೆ ಕೊಂಡವರನ್ನು ಹೊರಗಿಟ್ಟರೂ, ಸ್ವಂತ ಉದ್ಯೋಗದಿಂದ ಹೊಟ್ಟೆ ಹೊರೆಯಲು ಮಾತ್ರ ಕೊಂಡವರನ್ನು ಗ್ರಾಹಕರೆಂದೇ ಎಣಿಸುತ್ತದೆ. ದೂರುದಾರರು ತಾವು ಇರುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು ಅಂತಲೂ ಹೇಳುತ್ತದೆ. ನನಗೆ ಕೋರ್ಟ್ ಅಲೆಯುವ ಆಸೆ ಇಲ್ಲ. ಕೆಲಸ ಆಗಬೇಕು, ಅಷ್ಟೇ.

ಇನ್ನು ಮಾಹಿತಿ ತಂತ್ರಜ್ಞಾನ ಇಲಾಖೆಯವರಿಗೆ. ಬಿಯಾಂಡ್ ಬೆಂಗಳೂರು, ಅಂದರೆ ಐಟಿ ಉದ್ಯಮ ಬೆಂಗಳೂರಿನ ಆಚೆಗೂ ಬೆಳೆಯಲಿ ಅಂತ ನೀವು ಹೇಳುತ್ತಿರುವುದು ಒಳ್ಳೆಯದೇ. ಆದರೆ ಹಾಸನ, ಚಿಕ್ಕಮಗಳೂರಿನಂಥ ಊರಿನಲ್ಲಿ ಈಗಾಗಲೇ ಕೆಲಸ ಮಾಡುತ್ತಿರುವ ಸಣ್ಣವರಿಗೆ ಕಟ್ಟಡಕ್ಕಿಂತ ಮೊದಲು ಬೇಕಾಗಿರುವುದು ಇಂಥ ಆಸರೆ. ಈ ಕಂಪನಿಗಳಿಗೆ ದೊಡ್ಡ ಗಿರಾಕಿ ಸರ್ಕಾರವೇ. ನನ್ನ ಮಾತು ಕೇಳದಿದ್ದವರು ನಿಮ್ಮ ಟೆಂಡರ್‌ನ ಷರತ್ತು ಕೇಳುತ್ತಾರೆ. ಸರ್ಕಾರ, ನಿಗಮ, ಸಹಕಾರ ಸಂಸ್ಥೆಗಳು ಸಾಫ್ಟ್‌ವೇರ್ ಬರೆಸುವಾಗ, ಅದು ಯಾವ ಪ್ಲಾಟ್‌ಫಾರ್ಮ್‌ನಲ್ಲಿ ಬರೆದಿದ್ದರೂ ಆ ವರ್ಷನ್‌ನ ಆಕ್ಟಿವೇಶನ್ ಬೆಂಬಲ ಮುಗಿದ ಮೇಲೂ ಸಿಗಬೇಕು ಅಂತ ಒಂದು ಸಾಲು ಸೇರಿಸಿ. ಸೋರ್ಸ್ ಕೋಡ್ ಕೇಳುವ ಟೆಂಡರ್ ಇವೆ. ಆದರೆ ಬಿಲ್ಡ್ ಮಾಡುವ ಟೂಲ್ ತೆರೆಯದಿದ್ದರೆ ಆ ಸೋರ್ಸ್ ಕೋಡ್ ಇಟ್ಟುಕೊಂಡು ಮಾಡುವುದೇನು?

ಕನ್ನಡದಲ್ಲಿ ಸಪೋರ್ಟ್ ಕೇಳಿದರೆ ಕೆಲವರಿಗೆ ಇದು ಭಾಷೆಯ ಅಭಿಮಾನದ ಮಾತು ಅನ್ನಿಸಬಹುದು. ನಮ್ಮ ಆಫೀಸಿನ ಹುಡುಗರಿಬ್ಬರೂ ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ. ಕೋಡ್ ಬರೆಯುವುದರಲ್ಲಿ ಯಾರಿಗೂ ಕಮ್ಮಿ ಇಲ್ಲ. ಆದರೆ ಬೇರೆ ದೇಶದ ಉಚ್ಚಾರಣೆಯಲ್ಲಿ ಫೋನ್‌ನಲ್ಲಿ ಬರುವ ಪ್ರಶ್ನೆಗೆ ಉತ್ತರ ಕೊಡಲು ತಡವರಿಸುತ್ತಾರೆ, ಅರ್ಧಕ್ಕೆ ಫೋನ್ ನನ್ನ ಕೈಗೆ ಕೊಡುತ್ತಾರೆ. ನಿಮ್ಮಲ್ಲಿ ಹಲವರ ಕಚೇರಿ ಇಲ್ಲಿಂದ 200 ಕಿಲೋಮೀಟರ್ ಒಳಗೆ, ಬೆಂಗಳೂರಿನಲ್ಲೇ ಇದೆ. ಕನ್ನಡ ಬಲ್ಲ ಎಂಜಿನಿಯರ್‌ಗಳು ಅಲ್ಲಿ ಆಗಲೇ ಕೆಲಸ ಮಾಡುತ್ತಿದ್ದಾರೆ. ನಮ್ಮ ಫೋನ್ ಅವರಿಗೆ ಹೋಗುವ ಹಾಗೆ ಮಾಡಿ, ನಮ್ಮ ಅಂಗಡಿಗಳು ತೆರೆದಿರುವ ಹೊತ್ತಿನಲ್ಲಿ.

ಈ ಪತ್ರ ಓದುವ ಹಾಸನ, ಚಿಕ್ಕಮಗಳೂರು ಕಡೆಯ ಡೆವಲಪರ್ ಗೆಳೆಯರಲ್ಲಿ ಒಂದು ಮಾತು. ನಿಮ್ಮ ಹತ್ತಿರ ಯಾವ ಟೂಲ್, ಯಾವ ವರ್ಷನ್, ಅದರ ಬಿಲ್ ಎಲ್ಲಿದೆ ಅಂತ ಇವತ್ತೇ ಒಂದು ಕಡೆ ಬರೆದಿಡಿ. ಕಂಪ್ಯೂಟರ್ ಚೆನ್ನಾಗಿರುವಾಗಲೇ ಇನ್ನೊಂದು ಕಂಪ್ಯೂಟರಿಗೆ ಟೂಲ್ ಹಾಕಿ ಆಕ್ಟಿವೇಟ್ ಆಗುತ್ತದಾ ಅಂತ ನೋಡಿ. ಲೈಸೆನ್ಸ್ ಒಪ್ಪುವುದಾದರೆ ಬಿಲ್ಡ್ ಮಾಡುವ ಕಂಪ್ಯೂಟರನ್ನು ವರ್ಚುವಲ್ ಮಷೀನ್, ಅಂದರೆ ಬೇರೆ ಕಂಪ್ಯೂಟರಿನ ಒಳಗೆ ಓಡಿಸಬಹುದಾದ ಅದರ ಪೂರ್ತಿ ನಕಲು ಮಾಡಿ ಇಟ್ಟುಕೊಳ್ಳಿ. ಹೊಸ ಪ್ರಾಜೆಕ್ಟ್‌ಗೆ ಪ್ಲಾಟ್‌ಫಾರ್ಮ್ ಆರಿಸುವಾಗ ಅದರಲ್ಲಿ ಏನೇನು ಇದೆ ಅಂತ ನೋಡುವ ಮೊದಲು, ಬಿಟ್ಟು ಹೋಗುವಾಗ ನಮ್ಮ ಕೈಯಲ್ಲಿ ಏನು ಉಳಿಯುತ್ತದೆ ಅಂತ ಕೇಳಿ.

ಕಂಪನಿಗಳವರಲ್ಲಿ ನಾನು ಕೇಳುವ ಉತ್ತರ ಒಂದೇ. ಬೆಂಬಲ ಮುಗಿದ ವರ್ಷನ್‌ಗೆ, ಅಸಲಿ ಬಿಲ್ ತೋರಿಸಿದವರಿಗೆ, ಆಫ್‌ಲೈನ್ ಆಕ್ಟಿವೇಶನ್ ಕೊಡುತ್ತೀರಾ, ಇಲ್ಲವಾ? ಕೊಡುತ್ತೇವೆ ಅನ್ನುವವರು ಅದನ್ನು ನಿಮ್ಮ ಸಪೋರ್ಟ್ ಪುಟದ ಮೇಲೆ ಎಲ್ಲರಿಗೂ ಕಾಣುವ ಹಾಗೆ ಬರೆಯಿರಿ. ಕೊಡುವುದಿಲ್ಲ ಅನ್ನುವವರು ಮಾರುವ ಮುಂಚೆಯೇ ಬಿಲ್ಲಿನ ಮೇಲೆ ಬರೆಯಿರಿ. ಹೊಸ ಹಣಕಾಸು ವರ್ಷಕ್ಕೆ ಟೂಲ್ ಕೊಳ್ಳುವ ಕೆಲಸ ನಮ್ಮಲ್ಲಿ ಮಾರ್ಚ್‌ನಲ್ಲಿ ನಡೆಯುತ್ತದೆ. ಅಷ್ಟರೊಳಗೆ ತಿಳಿಸಿದರೆ ಯಾರಿಂದ ಕೊಳ್ಳಬೇಕು ಅಂತ ತೀರ್ಮಾನ ಮಾಡುತ್ತೇವೆ.

ಇಂತಿ ನಿಮ್ಮ ಗಿರಾಕಿ,
ಒಬ್ಬ ಸಾಫ್ಟ್‌ವೇರ್ ಡೆವಲಪರ್
ಹಾಸನ